ಪಿಕಪ್ ವಾಹನಕ್ಕೆ ಹೊಸ ಧ್ವನಿ ವ್ಯವಸ್ಥೆ: ವಾಟ್‌ಗಿಂತ ಮೊದಲು ನೋಡಬೇಕಾದದ್ದು ವೈರ್ ಮತ್ತು ಫ್ಯೂಸ್

ತುಳಸಿಗೇರಿ (ಬಾಗಲಕೋಟೆ ಜಿಲ್ಲೆ): ಆಂಜನೇಯ ದೇವಸ್ಥಾನದಿಂದ ನಾಡಿನಲ್ಲೆಲ್ಲ ಹೆಸರಾದ ತುಳಸಿಗೇರಿ, ಅದರ ಸಮೀಪದಲ್ಲೇ ದಾಳಿಂಬೆ ಮತ್ತು ಚಿಕ್ಕು ತೋಟಗಳಿಗೆ ಪ್ರಸಿದ್ಧವಾದ ಕಲಾದಗಿ. ಈ ಭಾಗದ ರೈತರ ಹಾಗೂ ಸಣ್ಣ ವ್ಯಾಪಾರಿಗಳ ದಿನಚರಿಯಲ್ಲಿ ಪಿಕಪ್ ವಾಹನ ಇಂದು ಅನಿವಾರ್ಯ ಸ್ಥಾನ ಪಡೆದಿದೆ. ಹಣ್ಣಿನ ಕ್ರೇಟ್‌ಗಳನ್ನು ಮಾರುಕಟ್ಟೆಗೆ ಸಾಗಿಸುವುದು, ಗೊಬ್ಬರ ತರುವುದು, ಜಾತ್ರೆಯ ಅಂಗಡಿಗೆ ಸರಕು ಹೊರುವುದು ಎಲ್ಲವೂ ಅದರ ಕೆಲಸವೇ. 2005ರಲ್ಲಿ ಟಾಟಾ ಏಸ್, 2011ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್ ಮಾರುಕಟ್ಟೆಗೆ ಬಂದವು. ಬೊಲೆರೊ ಪಿಕಪ್ ಅಂತೂ ಹಳ್ಳಿಹಳ್ಳಿಯಲ್ಲೂ ಕಾಣಸಿಗುತ್ತದೆ.

ವಾಹನ ಮನೆಗೆ ಬಂದ ಕೆಲವೇ ದಿನಗಳಲ್ಲಿ ಮಾಲೀಕರ ಅಥವಾ ಚಾಲಕರ ಮನಸ್ಸಿನಲ್ಲಿ ಮೂಡುವ ಮೊದಲ ಆಸೆ ಒಳ್ಳೆಯ ಟೇಪ್ ಹಾಕಿಸುವುದು. ಕ್ಯಾಸೆಟ್ ಕಾಲ ಮುಗಿದು ಪೆನ್‌ಡ್ರೈವ್ ಮತ್ತು ಬ್ಲೂಟೂತ್ ಬಂದರೂ ಉತ್ತರ ಕರ್ನಾಟಕದ ಚಾಲಕರ ಬಾಯಲ್ಲಿ ಅದು ಇನ್ನೂ ‘ಟೇಪ್’ ಆಗಿಯೇ ಉಳಿದಿದೆ. ರಾತ್ರಿ ಪ್ರಯಾಣದಲ್ಲಿ ಒಂಟಿ ಚಾಲಕನಿಗೆ ಜಾನಪದ ಗೀತೆಯೋ ಭಜನಾ ಪದವೋ ಜೊತೆಯಾಗುವುದರಿಂದ ಈ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಆ ವಾಹನ ಹಲವು ಕುಟುಂಬಗಳಿಗೆ ಸಾಲದ ಕಂತು ಕಟ್ಟಿಕೊಂಡು ಬರುವ ದುಡಿಮೆಯ ಸಾಧನ. ಅವಸರದಲ್ಲಿ ಜೋಡಿಸಿದ ಒಂದು ವೈರ್ ಬ್ಯಾಟರಿಯನ್ನು ಬರಿದು ಮಾಡಬಹುದು. ಇನ್ನೂ ಕೆಟ್ಟ ಸಂದರ್ಭದಲ್ಲಿ ಕ್ಯಾಬಿನ್‌ಗೆ ಬೆಂಕಿ ತಗಲಿಸಬಹುದು. ಈ ಹಿನ್ನೆಲೆಯಲ್ಲಿ ಪಿಕಪ್‌ನ ಧ್ವನಿ ವ್ಯವಸ್ಥೆಯನ್ನು ಉತ್ತಮಪಡಿಸುವ ಕ್ರಮ ಯಾವುದು, ಎಲ್ಲಿ ಎಚ್ಚರ ಬೇಕು ಎಂಬ ವಿವರ ಇಲ್ಲಿದೆ.

ಕಾರ್ಖಾನೆಯ ವ್ಯವಸ್ಥೆ ಏಕೆ ಸಾಲದು?

ಪಿಕಪ್ ಮೂಲತಃ ಸರಕು ವಾಹನ. ಕ್ಯಾಬಿನ್ ಚಿಕ್ಕದು, ಬಾಗಿಲಿನ ತಗಡು ತೆಳುವು, ಡೀಸೆಲ್ ಎಂಜಿನ್ ತೀರಾ ಹತ್ತಿರ. ಅಗ್ಗದ ಮಾದರಿಗಳಲ್ಲಿ ಟೇಪ್ ಇರುವುದೇ ಇಲ್ಲ. ಇದ್ದರೂ ಹಗುರ ಆಯಸ್ಕಾಂತದ, ಕಾಗದದ ಶಂಕುವಿನ ಎರಡು ಸಣ್ಣ ಸ್ಪೀಕರ್‌ಗಳಿಗೆ ಸೀಮಿತವಾಗಿರುವುದು ಸಾಮಾನ್ಯ.

ನಿಂತ ವಾಹನದಲ್ಲಿ ಇಂಪಾಗಿ ಕೇಳಿದ ಹಾಡು ರಸ್ತೆಗೆ ಇಳಿದ ಕೂಡಲೇ ಸಪ್ಪೆಯಾಗುವುದಕ್ಕೆ ಒಂದು ಕಾರಣವಿದೆ. ಎಂಜಿನ್ ಮತ್ತು ಟೈರ್‌ಗಳ ಸದ್ದಿನಲ್ಲಿ ಗಂಭೀರ ಸ್ವರಗಳ ಪಾಲು ಹೆಚ್ಚು. ಡೊಳ್ಳು, ತಬಲಾದ ಎಡಭಾಗ ಮುಂತಾದ ವಾದ್ಯಗಳ ನಾದವೂ ಅದೇ ವ್ಯಾಪ್ತಿಗೆ ಸೇರಿದ್ದು. ಹೀಗಾಗಿ ರಸ್ತೆಯ ಸದ್ದು ಮೊದಲು ಅದನ್ನೇ ನುಂಗಿಹಾಕುತ್ತದೆ. ಕೇಳಿಸುವುದು ಗಾಯಕನ ಧ್ವನಿ ಮತ್ತು ತಾಳದ ಕಿಣಿಕಿಣಿ ಮಾತ್ರ. ಚಾಲಕ ವಾಲ್ಯೂಮ್ ಏರಿಸುತ್ತಾನೆ, ಸಣ್ಣ ಸ್ಪೀಕರ್ ಒಡಕು ದನಿ ಹೊರಡಿಸುತ್ತದೆ. ಅದನ್ನು ‘ವಾಟ್ ಸಾಲದು’ ಎಂದು ಅರ್ಥೈಸಿಕೊಂಡು ಅಂಗಡಿಗೆ ಹೋಗುವುದು ಸಾಮಾನ್ಯ. ವಾಸ್ತವದಲ್ಲಿ ಕೊರತೆ ಇರುವುದು ಬಹುಪಾಲು ಬೇರೆ ಕಡೆ.

ಡಬ್ಬಿಯ ಮೇಲಿನ ವಾಟ್, ಫ್ಯೂಸಿನ ಸಾಕ್ಷ್ಯ

ಹೊಸ ಟೇಪ್‌ನ ಡಬ್ಬಿಯ ಮೇಲೆ ‘50 ವಾಟ್ x 4’ ಎಂದು ದಪ್ಪ ಅಕ್ಷರದಲ್ಲಿ ಮುದ್ರಿತವಾಗಿರುತ್ತದೆ. ನಾಲ್ಕು ದಿಕ್ಕಿಗೆ 50ರಂತೆ ಒಟ್ಟು 200 ವಾಟ್ ಎಂದು ಗ್ರಾಹಕ ಭಾವಿಸುತ್ತಾನೆ. ಸರಳ ಲೆಕ್ಕ ಬೇರೆಯದನ್ನೇ ಹೇಳುತ್ತದೆ.

ಎಂಜಿನ್ ಚಾಲನೆಯಲ್ಲಿರುವಾಗ ವಾಹನದಲ್ಲಿ ದೊರೆಯುವ ವಿದ್ಯುತ್ ಒತ್ತಡ ಹೆಚ್ಚೆಂದರೆ 14.4 ವೋಲ್ಟ್ ಆಸುಪಾಸಿನದು. ಟೇಪ್‌ನ ಒಳಗಿನ ಆಂಪ್ಲಿಫೈಯರ್ ಚಿಪ್ ಇದನ್ನೇ ಬಳಸಿ 4 ಓಮ್ ಸ್ಪೀಕರ್ ನಡೆಸುವಾಗ, ಸ್ವಚ್ಛವಾದ ನಾದಕ್ಕೆ ದೊರೆಯುವ ಗರಿಷ್ಠ ಶಕ್ತಿ ಸೈದ್ಧಾಂತಿಕವಾಗಿಯೇ ಸುಮಾರು 26 ವಾಟ್. ಚಿಪ್‌ನಲ್ಲಿ ಆಗುವ ನಷ್ಟ ಕಳೆದರೆ ಉಳಿಯುವುದು 20 ವಾಟ್‌ನ ಆಸುಪಾಸು. ಡಬ್ಬಿಯ ಮೇಲಿನ 50 ಕ್ಷಣಮಾತ್ರದ, ಒಡಕು ದನಿ ಸೇರಿದ ಗರಿಷ್ಠ ಅಂಕಿ. ನಿರಂತರ ಶಕ್ತಿಯನ್ನು ‘ಆರ್‌ಎಂಎಸ್’ ಎಂಬ ಹೆಸರಿನಲ್ಲಿ ಸೂಚಿಸುವುದು ವಾಡಿಕೆ. ಗ್ರಾಹಕರು ಕೇಳಬೇಕಾದದ್ದು ಈ ಅಂಕಿಯನ್ನೇ.

ಅಂಗಡಿಯಲ್ಲಿ ನಿಂತೇ ಸತ್ಯ ತಿಳಿಯುವ ಇನ್ನೊಂದು ಉಪಾಯವಿದೆ. ಟೇಪ್‌ನ ಹಿಂಬದಿಯಲ್ಲಿರುವ ಫ್ಯೂಸ್ ನೋಡಬೇಕು. ಅದು 10 ಆಂಪಿಯರ್ ಆಗಿದ್ದರೆ ಯಂತ್ರ ನಿರಂತರವಾಗಿ ಎಳೆದುಕೊಳ್ಳಬಹುದಾದ ಒಟ್ಟು ವಿದ್ಯುತ್ ಸುಮಾರು 144 ವಾಟ್. ಒಳಗೆ ಬರುವುದೇ 144 ಆಗಿರುವಾಗ ಹೊರಗೆ 200 ಹೋಗುವುದು ಸಾಧ್ಯವಿಲ್ಲ. ‘2000 ವಾಟ್’ ಎಂದು ಬರೆದುಕೊಂಡು 30 ಆಂಪಿಯರ್ ಫ್ಯೂಸ್ ಹೊತ್ತ ಆಂಪ್ಲಿಫೈಯರ್‌ಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ.

ಮೊದಲು ಬಾಗಿಲು, ನಂತರ ಸ್ಪೀಕರ್

ಸ್ಪೀಕರ್‌ನ ಶಂಕು ಮುಂದಕ್ಕೆ ಗಾಳಿಯನ್ನು ತಳ್ಳಿದಾಗಲೆಲ್ಲ ಹಿಂಬದಿಯಲ್ಲಿ ಅಷ್ಟೇ ಗಾಳಿಯನ್ನು ಸೆಳೆಯುತ್ತದೆ. ಬಾಗಿಲಿನ ಒಳತಗಡಿನಲ್ಲಿ ದೊಡ್ಡ ರಂಧ್ರಗಳಿದ್ದರೆ ಮುಂಬದಿಯ ಮತ್ತು ಹಿಂಬದಿಯ ಅಲೆಗಳು ಒಂದನ್ನೊಂದು ಕೂಡಿ ಅಳಿಸಿಹಾಕುತ್ತವೆ. ಗಂಭೀರ ಸ್ವರಗಳು ಮಾಯವಾಗುವುದು ಇದರಿಂದಲೇ. ಜೊತೆಗೆ ತೆಳು ತಗಡು ಅದುರಿ ತನ್ನದೇ ಸದ್ದು ಸೇರಿಸುತ್ತದೆ.

ಆದ್ದರಿಂದ ಮೊದಲ ಖರ್ಚು ಬಾಗಿಲಿಗೆ ಸಲ್ಲಬೇಕು. ಅಲ್ಯೂಮಿನಿಯಂ ಹೊದಿಕೆಯ ಬ್ಯೂಟೈಲ್ ರಬ್ಬರ್ ಹಾಳೆಯನ್ನು ಹೊರತಗಡಿನ ಒಳಮೈಗೆ ಒತ್ತಿ ಅಂಟಿಸುವುದು, ಒಳತಗಡಿನ ರಂಧ್ರಗಳನ್ನು ಮುಚ್ಚುವುದು, ಸ್ಪೀಕರ್ ಮತ್ತು ತಗಡಿನ ನಡುವೆ ಗಟ್ಟಿಯಾದ ಉಂಗುರ ಕೂರಿಸುವುದು ಈ ಕೆಲಸದ ಮೂರು ಭಾಗ. ಇದರಿಂದ ರಸ್ತೆಯ ಸದ್ದೂ ಕೊಂಚ ತಗ್ಗುತ್ತದೆ. ಬಿಸಿಲಿಗೆ ಕರಗಿ ಇಳಿಯುವ ಡಾಂಬರು ಆಧಾರಿತ ಅಗ್ಗದ ಹಾಳೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಾಗಲಕೋಟೆಗೆ ಯೋಗ್ಯವಲ್ಲ. ಬಾಗಿಲಿನ ತಳದಲ್ಲಿ ಮಳೆನೀರು ಹರಿದುಹೋಗಲೆಂದು ಬಿಟ್ಟಿರುವ ಕಿಂಡಿಗಳನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬಾರದು. ಮುಚ್ಚಿದರೆ ನೀರು ನಿಂತು ಬಾಗಿಲು ತುಕ್ಕು ಹಿಡಿಯುತ್ತದೆ. ಗಾಜು ಪೂರ್ತಿ ಕೆಳಗಿಳಿದಾಗ ಸ್ಪೀಕರ್‌ನ ಆಯಸ್ಕಾಂತಕ್ಕೆ ತಾಗುವುದಿಲ್ಲ ಎಂಬುದನ್ನೂ ಮೊದಲೇ ಅಳೆದು ನೋಡಬೇಕು.

ಸ್ಪೀಕರ್ ಆರಿಸುವಾಗ ‘ಸೆನ್ಸಿಟಿವಿಟಿ’ ಎಂಬ ಅಂಕಿ ವಾಟ್‌ಗಿಂತ ಮುಖ್ಯ. ಒಂದು ವಾಟ್ ಶಕ್ತಿ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಹೊರಡುತ್ತದೆ ಎಂಬುದನ್ನು ಅದು ತಿಳಿಸುತ್ತದೆ. 88 ಡೆಸಿಬಲ್‌ನ ಸ್ಪೀಕರ್ 40 ವಾಟ್‌ನಲ್ಲಿ ಕೊಡುವ ಸದ್ದನ್ನು 91 ಡೆಸಿಬಲ್‌ನ ಸ್ಪೀಕರ್ 20 ವಾಟ್‌ನಲ್ಲೇ ಕೊಡುತ್ತದೆ. ಅಂದರೆ ಮೂರು ಡೆಸಿಬಲ್‌ನ ವ್ಯತ್ಯಾಸ ದುಪ್ಪಟ್ಟು ಶಕ್ತಿಯ ಆಂಪ್ಲಿಫೈಯರ್‌ಗೆ ಸಮ. ಟೇಪ್‌ನ 20 ವಾಟ್ ಮಾತ್ರ ಲಭ್ಯವಿರುವ ವಾಹನಕ್ಕೆ ಇಂಥ ಸ್ಪೀಕರ್ ಎಷ್ಟು ಉಪಕಾರಿ ಎಂಬುದನ್ನು ಬೇರೆ ಹೇಳಬೇಕಿಲ್ಲ. ಕಲ್ಲು ಗಣಿಗಳ ದೂಳು ಮತ್ತು ಎರೆಭೂಮಿಯ ಮಣ್ಣು ಎರಡನ್ನೂ ಎದುರಿಸುವ ಈ ಭಾಗದ ವಾಹನಗಳಿಗೆ ಕಾಗದದ ಶಂಕುವಿಗಿಂತ ಪಾಲಿಪ್ರೊಪಿಲೀನ್ ಶಂಕು ಮತ್ತು ರಬ್ಬರ್ ಅಂಚು ಇರುವ ಸ್ಪೀಕರ್ ಹೆಚ್ಚು ಬಾಳಿಕೆ ಬರುತ್ತದೆ.

ಸ್ಪೀಕರ್‌ನ ಓಮ್ ಅಂಕಿಯನ್ನೂ ಕಡೆಗಣಿಸುವಂತಿಲ್ಲ. ಟೇಪ್ 4 ಓಮ್‌ಗೆ ರೂಪಿತವಾಗಿದ್ದಾಗ ಒಂದೇ ತಂತಿಗೆ ಎರಡು ಸ್ಪೀಕರ್‌ಗಳನ್ನು ಸಮಾನಾಂತರವಾಗಿ ಜೋಡಿಸಿದರೆ ಹೊರೆ 2 ಓಮ್‌ಗೆ ಇಳಿದು ಒಳಗಿನ ಚಿಪ್ ಕಾದು ಕೆಡುತ್ತದೆ.

ಆಂಪ್ಲಿಫೈಯರ್ ಬೇಕೆ? ಡೈನಮೊ ಲೆಕ್ಕ

ಬಾಗಿಲು ಮತ್ತು ಸ್ಪೀಕರ್ ಸರಿಪಡಿಸಿದ ಮೇಲೆ ಹಲವರಿಗೆ ಅಷ್ಟೇ ಸಾಕೆನಿಸುತ್ತದೆ. ಇನ್ನೂ ಬೇಕೆನ್ನುವವರಿಗೆ ಪ್ರತಿ ಸ್ಪೀಕರ್‌ಗೆ 45 ವಾಟ್‌ನಂತೆ ನಾಲ್ಕು ಚಾನೆಲ್‌ನ, ಒಟ್ಟು 180 ವಾಟ್ ಆರ್‌ಎಂಎಸ್ ಆಂಪ್ಲಿಫೈಯರ್ ಧಾರಾಳ.

ಅದಕ್ಕೆ ಬೇಕಾಗುವ ವಿದ್ಯುತ್ತನ್ನು ಹೀಗೆ ಲೆಕ್ಕ ಹಾಕಬಹುದು. ‘ಕ್ಲಾಸ್ ಎಬಿ’ ಮಾದರಿಯ ದಕ್ಷತೆ ಶೇ 50ರಷ್ಟು ಎಂದು ಹಿಡಿದರೆ 360 ವಾಟ್ ಒಳಗೆ ಹೋಗಬೇಕು; 13.8 ವೋಲ್ಟ್‌ನಲ್ಲಿ ಅದು 26 ಆಂಪಿಯರ್. ‘ಕ್ಲಾಸ್ ಡಿ’ ಮಾದರಿಯ ದಕ್ಷತೆ ಶೇ 80ರಷ್ಟಿದ್ದರೆ 225 ವಾಟ್, ಅಂದರೆ ಸುಮಾರು 16 ಆಂಪಿಯರ್ ಸಾಕು. ತಲಾ 55 ವಾಟ್‌ನ ಎರಡು ಹೆಡ್‌ಲೈಟ್ ಬಲ್ಬ್‌ಗಳು ಎಳೆಯುವುದು ಸುಮಾರು 8 ಆಂಪಿಯರ್ ಎಂಬುದನ್ನು ಹೋಲಿಕೆಗೆ ನೆನೆಯಬಹುದು. ಸಂಗೀತದ ಏರಿಳಿತದಿಂದಾಗಿ ಸರಾಸರಿ ಬಳಕೆ ಇದಕ್ಕಿಂತ ಕಡಿಮೆ ಇರುತ್ತದೆ. ಆದರೂ ವೈರ್ ಮತ್ತು ಫ್ಯೂಸ್ ಆರಿಸಬೇಕಾದದ್ದು ಗರಿಷ್ಠ ಅಂಕಿಗೆ.

ನಿಜವಾದ 1000 ವಾಟ್ ಆಂಪ್ಲಿಫೈಯರ್ ಶೇ 80ರ ದಕ್ಷತೆಯಲ್ಲೂ 90 ಆಂಪಿಯರ್ ಬೇಡುತ್ತದೆ. ಆಲ್ಟರ್ನೇಟರ್, ಅಂದರೆ ಮೆಕ್ಯಾನಿಕ್‌ಗಳ ಮಾತಿನ ಡೈನಮೊ, ದೀಪ, ವೈಪರ್ ಹಾಗೂ ಬ್ಯಾಟರಿ ಚಾರ್ಜಿಂಗ್ ಜೊತೆಗೆ ಇಷ್ಟನ್ನೂ ಕೊಡುವಂತೆ ಪಿಕಪ್‌ಗಳಲ್ಲಿ ರೂಪಿತವಾಗಿಲ್ಲ. ಕೊರತೆ ಬ್ಯಾಟರಿಯ ಮೇಲೆ ಬೀಳುತ್ತದೆ. ಹಾಡಿನ ತಾಳಕ್ಕೆ ಹೆಡ್‌ಲೈಟ್ ಮಂದವಾಗುವುದು ಅದರ ಮೊದಲ ಸೂಚನೆ.

ಎಂಜಿನ್ ನಿಲ್ಲಿಸಿ ಹಾಡು ಕೇಳುವುದು ಇನ್ನೊಂದು ಅಪಾಯ. ಉದಾಹರಣೆಗೆ 80 ಆಂಪಿಯರ್-ಗಂಟೆಯ ಬ್ಯಾಟರಿಯಿಂದ 10 ಆಂಪಿಯರ್‌ನಂತೆ ಎಳೆದರೆ ನಾಲ್ಕು ಗಂಟೆಯಲ್ಲಿ ಅರ್ಧ ಸಾಮರ್ಥ್ಯ ಖಾಲಿಯಾಗುತ್ತದೆ. ಡೀಸೆಲ್ ಎಂಜಿನ್ ಚಾಲೂ ಮಾಡಲು ಸ್ಟಾರ್ಟರ್‌ಗೆ ಕ್ಷಣಕಾಲ ನೂರಾರು ಆಂಪಿಯರ್ ಬೇಕು. ಅರ್ಧ ಬರಿದಾದ ಹಳೆಯ ಬ್ಯಾಟರಿ ಅದನ್ನು ಕೊಡಲಾರದು. ರಾತ್ರಿಯಿಡೀ ಮಾರುಕಟ್ಟೆಯ ಅಂಗಳದಲ್ಲಿ ಕಾದು, ಬೆಳಗಿನ ಹರಾಜಿನ ಹೊತ್ತಿಗೆ ಲೋಡ್ ಸಮೇತ ವಾಹನ ತಳ್ಳುವ ಪ್ರಸಂಗ ಬಂದರೆ ಹಾಡಿನ ಸುಖಕ್ಕಿಂತ ನಷ್ಟವೇ ದೊಡ್ಡದು.

ವೂಫರ್ ಇಡುವ ಜಾಗವೂ ವಾಹನದಿಂದ ವಾಹನಕ್ಕೆ ಭಿನ್ನ. ಸೀಟಿನ ಕೆಳಗೆ ಅಥವಾ ಹಿಂದೆ ಹಿಡಿಯುವ, ಒಳಗೇ ಆಂಪ್ಲಿಫೈಯರ್ ಇರುವ ಎಂಟು ಇಂಚಿನ ಚಪ್ಪಟೆ ವೂಫರ್ ಪಿಕಪ್‌ಗೆ ಹೊಂದುತ್ತದೆ. ಆದರೆ ಟಾಟಾ ಏಸ್‌ನಲ್ಲಿ ಸೀಟಿನ ಕೆಳಗೇ ಎಂಜಿನ್ ಇರುವುದರಿಂದ ಅಲ್ಲಿ ಏನನ್ನೂ ತುರುಕುವಂತಿಲ್ಲ. ಜಾಕ್ ಮತ್ತು ಪಾನಾ ಇಡುವ ಸ್ಥಳವನ್ನೂ ಬಿಡಬೇಕು. ಎಲ್ಲೇ ಇಟ್ಟರೂ ಬೋಲ್ಟ್ ಹಾಕಿ ಬಿಗಿಯಬೇಕು. ಬ್ರೇಕ್ ಹಾಕಿದಾಗ ಸಡಿಲ ಪೆಟ್ಟಿಗೆ ಪೆಡಲ್ ಕೆಳಗೆ ಜಾರಿದರೆ ಅನಾಹುತ ತಪ್ಪದು.

ಅಪಾಯ ಅಡಗಿರುವುದು ವೈರಿನಲ್ಲಿ

ಮನೆ ವೈರಿಂಗ್‌ನಲ್ಲಿ ಉಳಿದ 1.5 ಚದರ ಮಿಲಿಮೀಟರ್ ತಂತಿಯಲ್ಲೇ ಆಂಪ್ಲಿಫೈಯರ್ ಜೋಡಿಸಿದರೆ ಏನಾಗುತ್ತದೆ? ನಾಲ್ಕು ಮೀಟರ್ ಉದ್ದದ ಅಂಥ ತಾಮ್ರದ ತಂತಿಯಲ್ಲಿ 26 ಆಂಪಿಯರ್ ಹರಿದರೆ ಸುಮಾರು 1.2 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ ಮತ್ತು 31 ವಾಟ್ ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಯವರ ಸಣ್ಣ ಬೆಸುಗೆ ಕಡ್ಡಿ 25 ವಾಟ್‌ನದು ಎಂಬುದನ್ನು ಇಲ್ಲಿ ನೆನೆಯಬೇಕು. ಈ ಶಾಖ ತಂತಿಯ ಉದ್ದಕ್ಕೂ ಹಂಚಿಹೋದರೂ ಮ್ಯಾಟ್‌ನ ಅಡಿಯಲ್ಲಿ, ಇತರ ವೈರ್‌ಗಳ ಕಟ್ಟಿನ ನಡುವೆ ಹೊರಹೋಗಲು ದಾರಿಯಿಲ್ಲದೆ ಹೊದಿಕೆಯನ್ನು ಮೆದುಗೊಳಿಸುತ್ತದೆ. ಸಡಿಲವಾಗಿ ತಿರುಚಿ ಟೇಪು ಸುತ್ತಿದ ಜಾಗದಲ್ಲಂತೂ ಕಾವು ಒಂದೇ ಬಿಂದುವಿನಲ್ಲಿ ಕೇಂದ್ರೀಕೃತವಾಗುತ್ತದೆ. ಅದೇ 10 ಚದರ ಮಿಲಿಮೀಟರ್ ತಾಮ್ರದ ತಂತಿಯಾದರೆ ನಷ್ಟ ಐದು ವಾಟ್‌ಗಿಂತ ಕಡಿಮೆ.

ಅಗ್ಗದ ಕಿಟ್‌ಗಳಲ್ಲಿ ತಾಮ್ರದ ಲೇಪನದ ಅಲ್ಯೂಮಿನಿಯಂ ತಂತಿ ಇರುವುದುಂಟು. ಅಲ್ಯೂಮಿನಿಯಂನ ವಿದ್ಯುದ್ವಾಹಕತೆ ತಾಮ್ರದ ಶೇ 60ರಷ್ಟು ಮಾತ್ರ. ತುದಿಯನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ಅಪ್ಪಟ ತಾಮ್ರವಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಫ್ಯೂಸ್‌ನ ಸ್ಥಾನ. ಬ್ಯಾಟರಿಯಿಂದ ಹೊರಟ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ, ಹೆಚ್ಚೆಂದರೆ 45 ಸೆಂಟಿಮೀಟರ್ ಅಂತರದೊಳಗೆ ಫ್ಯೂಸ್ ಇರಬೇಕು. ಆಂಪ್ಲಿಫೈಯರ್‌ನ ಮೈಮೇಲಿರುವ ಫ್ಯೂಸ್ ಆಂಪ್ಲಿಫೈಯರ್ ಅನ್ನು ಕಾಯುತ್ತದೆ. ನಡುವಿನ ತಂತಿಯನ್ನು ಕಾಯುವುದು ಬ್ಯಾಟರಿ ಪಕ್ಕದ ಫ್ಯೂಸ್ ಮಾತ್ರ. ಎಂಜಿನ್ ಭಾಗದಿಂದ ಕ್ಯಾಬಿನ್‌ಗೆ ತೂರುವ ಕಡೆ ತಗಡಿನ ಅಂಚು ಅದುರಿ ಅದುರಿ ಹೊದಿಕೆಯನ್ನು ಕೊಯ್ದರೆ, ತಂತಿ ನೇರವಾಗಿ ಚಾಸಿಗೆ ತಾಗಿ ನೂರಾರು ಆಂಪಿಯರ್ ಹರಿಯುತ್ತದೆ. ಫ್ಯೂಸ್ ಇದ್ದರೆ ಅದು ಕ್ಷಣದಲ್ಲಿ ಕರಗಿ ಅಪಾಯ ತಪ್ಪುತ್ತದೆ. ಇಲ್ಲದಿದ್ದರೆ ತಂತಿಯೇ ಕೆಂಪಗೆ ಕಾದು ಉರಿಯುತ್ತದೆ. ಆ ರಂಧ್ರಕ್ಕೆ ರಬ್ಬರ್ ಬುಶ್ ಹಾಕುವುದು ಕಡ್ಡಾಯವೆಂದೇ ತಿಳಿಯಬೇಕು. ಫ್ಯೂಸ್ ಪದೇ ಪದೇ ಹೋಗುತ್ತಿದೆಯೆಂದು ಅದರ ಜಾಗದಲ್ಲಿ ತಂತಿಯ ಎಳೆ ಸುತ್ತುವುದು ಬೆಂಕಿಗೆ ಆಹ್ವಾನ ಕೊಟ್ಟಂತೆ.

ಕಾರ್ಖಾನೆಯ ವೈರಿಂಗ್ ಕತ್ತರಿಸದೆ, ಆಯಾ ಮಾದರಿಗೆ ಸಿಗುವ ಕಪ್ಲರ್ ಬಳಸುವುದು ಒಳಿತು. ವೈರ್ ಕತ್ತರಿಸಿದ ವಾಹನದಲ್ಲಿ ಮುಂದೆ ವಿದ್ಯುತ್ ದೋಷ ಕಂಡುಬಂದರೆ ವಾರಂಟಿಯ ತಕರಾರು ಏಳಬಹುದು.

ಸಿಳ್ಳು ಮತ್ತು ಒಡಕು ದನಿ

ಎಂಜಿನ್ ವೇಗ ಏರಿದಂತೆಲ್ಲ ಸ್ಪೀಕರ್‌ನಲ್ಲಿ ‘ಕುಂಯ್’ ಎಂಬ ಸಿಳ್ಳು ಏರಿದರೆ ದೋಷ ಬಹುತೇಕ ಅರ್ಥಿಂಗ್‌ನಲ್ಲಿರುತ್ತದೆ. ಆಂಪ್ಲಿಫೈಯರ್‌ನ ಅರ್ಥ್ ತಂತಿ ಚಿಕ್ಕದಾಗಿರಬೇಕು. ಬಣ್ಣ ಕೆರೆದು ಹೊಳೆಯುವ ಲೋಹಕ್ಕೆ ಅದನ್ನು ಬೋಲ್ಟ್‌ನಿಂದ ಬಿಗಿಯಬೇಕು. ವಿದ್ಯುತ್ ತಂತಿಯನ್ನು ಕ್ಯಾಬಿನ್‌ನ ಒಂದು ಬದಿಯಲ್ಲೂ ಟೇಪ್‌ನಿಂದ ಬರುವ ಸಂಕೇತದ ತಂತಿಯನ್ನು ಇನ್ನೊಂದು ಬದಿಯಲ್ಲೂ ಎಳೆಯುವುದು ಕ್ರಮ.

ಆಂಪ್ಲಿಫೈಯರ್ ಮೇಲಿನ ‘ಗೇನ್’ ಎಂಬ ತಿರುಗಣೆ ವಾಲ್ಯೂಮ್ ಅಲ್ಲ. ಟೇಪ್‌ನ ವಾಲ್ಯೂಮ್ ಮುಕ್ಕಾಲು ಭಾಗಕ್ಕೆ ಇರಿಸಿ, ಪರಿಚಿತ ಹಾಡು ಹಾಕಿ, ಗೇನ್ ಅನ್ನು ನಿಧಾನವಾಗಿ ಏರಿಸಿ, ದನಿ ಒಡೆಯತೊಡಗಿದ ಕೂಡಲೇ ತುಸು ಹಿಂದಕ್ಕೆ ತಿರುಗಿಸಿ ಬಿಡಬೇಕು. ಬಾಗಿಲಿನ ಸ್ಪೀಕರ್‌ಗಳಿಗೆ 80 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳನ್ನು ತಡೆದು ಅವನ್ನು ವೂಫರ್‌ಗೆ ಮಾತ್ರ ಬಿಟ್ಟರೆ ಎರಡೂ ನಿರಾಳವಾಗಿ ದುಡಿಯುತ್ತವೆ. ಒಡಕು ದನಿಯಲ್ಲೇ ಗಂಟೆಗಟ್ಟಲೆ ನುಡಿಸಿದರೆ ಮೊದಲು ಸುಡುವುದು ಟ್ವೀಟರ್.

ಕಿವಿ, ರಸ್ತೆ ಮತ್ತು ಕಾನೂನು

ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು. ಮೇಲಿನ ಪ್ರತಿ ಮೂರು ಡೆಸಿಬಲ್‌ಗೆ ಅವಧಿ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್‌ಗೆ ಅದು ಹದಿನೈದೇ ನಿಮಿಷ. ಗಾಜು ಮುಚ್ಚಿದ ಪುಟ್ಟ ಕ್ಯಾಬಿನ್‌ನಲ್ಲಿ ದೊಡ್ಡ ವ್ಯವಸ್ಥೆ ಈ ಮಟ್ಟ ಮುಟ್ಟುವುದು ಕಷ್ಟವೇನಲ್ಲ. ಹೀಗೆ ಹೋದ ಶ್ರವಣಶಕ್ತಿ ಮರಳುವುದಿಲ್ಲ. ಕಬ್ಬು ಹೊತ್ತ ಟ್ರ್ಯಾಕ್ಟರ್‌ಗಳು ಸಾಲುಗಟ್ಟುವ ಹಂಗಾಮಿನಲ್ಲಿ ಹಿಂದಿನ ವಾಹನದ ಹಾರ್ನ್ ಕೇಳಿಸದಿದ್ದರೆ ಜೀವಕ್ಕೇ ಸಂಚಕಾರ.

ಕ್ಯಾಬಿನ್ ಒಳಗೆ ಸ್ಪೀಕರ್ ಬದಲಿಸುವುದರಿಂದ ನೋಂದಣಿ ಪತ್ರದ ವಿವರ ಬದಲಾಗುವುದಿಲ್ಲ. ಆದರೆ ಹಿಂದಿನ ಬಾಡಿಯಲ್ಲಿ ಸ್ಪೀಕರ್ ಗೋಡೆ ಕಟ್ಟುವುದು ಬೇರೆಯೇ ಸಂಗತಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ಸ್ವರೂಪ ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಂತೆ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ವಿಧಿಸಬಹುದು.

ಶಬ್ದ ಮಾಲಿನ್ಯ ನಿಯಮಗಳು 2000ರಿಂದ ಜಾರಿಯಲ್ಲಿವೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯದಲ್ಲಿ ಅದು 50 ಮತ್ತು 40. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಅದರ ಬಳಕೆಗೆ ನಿಷೇಧವಿದೆ. ಸುಪ್ರೀಂ ಕೋರ್ಟ್ 18 ಜುಲೈ 2005ರ ತೀರ್ಪಿನಲ್ಲಿ ಈ ನಿರ್ಬಂಧಗಳನ್ನು ಬಲಪಡಿಸಿದೆ. ಜಾತ್ರೆ, ಮೆರವಣಿಗೆಗಳಲ್ಲಿ ಸ್ಪೀಕರ್ ಹೊತ್ತ ವಾಹನವೂ ಇದಕ್ಕೆ ಹೊರತಲ್ಲ.

ಖರ್ಚಿನ ಕ್ರಮ

ಹಣ ಒಮ್ಮೆಲೇ ಇಲ್ಲದವರು ಹಂತಹಂತವಾಗಿ ಸಾಗಬಹುದು. ಮೊದಲ ಹಂತದಲ್ಲಿ ಬಾಗಿಲಿನ ಹಾಳೆ ಮತ್ತು ಹೆಚ್ಚು ಸೆನ್ಸಿಟಿವಿಟಿಯ ಒಂದು ಜೊತೆ ಸ್ಪೀಕರ್; ಎರಡನೆಯದರಲ್ಲಿ, ಅಗತ್ಯ ಕಂಡರೆ, ಉತ್ತಮ ಟೇಪ್; ಮೂರನೆಯದರಲ್ಲಿ ಸರಿಯಾದ ದಪ್ಪದ ತಾಮ್ರದ ತಂತಿ, ಬ್ಯಾಟರಿ ಪಕ್ಕದ ಫ್ಯೂಸ್ ಹಾಗೂ ಸಾಧಾರಣ ಆಂಪ್ಲಿಫೈಯರ್; ವೂಫರ್ ಕೊನೆಗೆ. ಪ್ರತಿ ಹಂತದ ನಂತರ ಲೋಡ್ ಸಹಿತ ಎಂದಿನ ರಸ್ತೆಯಲ್ಲಿ, ಎಂದಿನ ವೇಗದಲ್ಲಿ ಓಡಿಸಿ ಕೇಳಿ ನೋಡಬೇಕು. ಸಾಕೆನಿಸಿದಲ್ಲಿಗೆ ನಿಲ್ಲಿಸಬಹುದು.

ಕೆಲಸ ಮುಗಿಸಿ ವಾಹನ ಒಪ್ಪಿಸುವಾಗ ಅಂಗಡಿಯವರು ಹಾಡು ಹಾಕಿ ತೋರಿಸುವುದು ರೂಢಿ. ಮಾಲೀಕರು ಅದಕ್ಕೂ ಮೊದಲು ಬಾನೆಟ್ ಅಥವಾ ಬ್ಯಾಟರಿ ಪೆಟ್ಟಿಗೆ ತೆರೆಯಿಸಿ, ಫ್ಯೂಸ್ ಎಲ್ಲಿದೆ, ಎಷ್ಟು ಆಂಪಿಯರ್‌ನದು, ತಂತಿ ತೂರಿದ ರಂಧ್ರದಲ್ಲಿ ರಬ್ಬರ್ ಬುಶ್ ಇದೆಯೇ ಎಂಬ ಮೂರು ಪ್ರಶ್ನೆಗಳಿಗೆ ಕಣ್ಣಾರೆ ಉತ್ತರ ಪಡೆದು ನಂತರವೇ ಹಣ ಪಾವತಿಸುವುದು ಲೇಸು.